ಕೈಚಳಕ ಕಲಿಯೋಕೆ ಮೊದಲು ಏನು ಕೊಳ್ಳಬೇಕು?

ಪ್ರಶ್ನೆ: ಮಗ ಏಳನೇ ಕ್ಲಾಸು. ಶಾಲೆಯಲ್ಲಿ ಜಾದೂ ನೋಡಿ ಬಂದವನು ತಾನೂ ಕಲಿಯಬೇಕು ಅಂತ ಹಟ ಹಿಡಿದಿದ್ದಾನೆ. ಆನ್‌ಲೈನ್‌ನಲ್ಲಿ ನೂರು ಟ್ರಿಕ್ ಇರುವ ಮ್ಯಾಜಿಕ್ ಸೆಟ್ ಸಿಗುತ್ತದೆ. ತರಿಸಲಾ? ಕಲಿಯೋಕೆ ಯೂಟ್ಯೂಬ್ ಸಾಕಾ? (ಕಾರವಾರದ ಒಬ್ಬ ತಾಯಿ)

ಉತ್ತರ: ಸೆಟ್ ಬೇಡ. ಅದರಲ್ಲಿ ಬರುವುದು ಹೆಚ್ಚಾಗಿ ಗುಟ್ಟು ಒಳಗೇ ಇರುವ ಸಾಮಾನು. ಎಲ್ಲವನ್ನೂ ಸಾಮಾನೇ ಮಾಡಿಬಿಟ್ಟರೆ ಕೈ ಕಲಿಯುವುದೇನು? ಗೆಳೆಯ ಒಬ್ಬ "ಕೊಡು, ನೋಡ್ತೆ" ಅಂತ ಕಸಿದುಕೊಂಡರೆ ಆಟ ಅಲ್ಲಿಗೇ ಮುಗಿಯಿತು.

ನಾಣ್ಯದಿಂದ ಶುರು ಮಾಡಿಸಿ. ಹತ್ತು ರೂಪಾಯಿಯ ನಾಲ್ಕು ನಾಣ್ಯ ಸಾಕು. ಅದರ ಅಗಲ 27 ಮಿ.ಮೀ., ಮಕ್ಕಳ ಕೈಗೆ ಸರಿಯಾಗಿ ಕೂರುತ್ತದೆ. ಒಂದು ರೂಪಾಯಿಯದು ಸಣ್ಣದು, ಎದುರು ಕೂತವರಿಗೆ ಸರಿಯಾಗಿ ಕಾಣುವುದೂ ಇಲ್ಲ. ನಾಲ್ಕೂ ಒಂದೇ ವಿನ್ಯಾಸದವು ಇರಲಿ. ಹತ್ತರ ನಾಣ್ಯದಲ್ಲಿ 2018ರ ಹೊತ್ತಿಗೇ 14 ವಿನ್ಯಾಸಗಳಿದ್ದವು, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ ಆಗಲೇ ಹೇಳಿದೆ. ಆದರೂ ಕೆಲವು ಅಂಗಡಿಯವರು ತಗೊಳ್ಳಲ್ಲ, ಅಲ್ವಾ? ಹಾಗೆ ಮನೆಯಲ್ಲೇ ಉಳಿದವು ಈಗ ಉಪಯೋಗಕ್ಕೆ ಬಂದವು.

ಮೊದಲ ಪಾಠ ಫಿಂಗರ್ ಪಾಮ್. ನಡುಬೆರಳು, ಉಂಗುರ ಬೆರಳಿನ ಬುಡದಲ್ಲಿ ನಾಣ್ಯ ಇಟ್ಟು ಬೆರಳನ್ನು ಸ್ವಲ್ಪ ಮಡಚುವುದು, ಅಷ್ಟೇ. ಕಷ್ಟ ಆಮೇಲೆ ಶುರುವಾಗುತ್ತದೆ. ಕೈಯಲ್ಲಿ ಏನೋ ಇದೆ ಅಂತ ಗೊತ್ತಾಗಬಾರದು. ಅದಕ್ಕೆ ನಾಣ್ಯ ಹಿಡಿದೇ ಟಿವಿ ನೋಡಲಿ, ಬಾಗಿಲು ತೆರೆಯಲಿ, ತಲೆ ಬಾಚಲಿ. ಕನ್ನಡಿ ಮುಂದೆ ಅಭ್ಯಾಸ ಒಳ್ಳೆಯದೇ, ಆದರೆ ಫೋನಿನ ಕ್ಯಾಮೆರಾ ಇನ್ನೂ ಒಳ್ಳೆಯದು. ನಾಣ್ಯವನ್ನು ಗುಟ್ಟಾಗಿ ಅಡಗಿಸುವ ಕ್ಷಣದಲ್ಲಿ ನಾವೇ ಕಣ್ಣು ಮಿಟುಕಿಸುತ್ತೇವೆ, ಕನ್ನಡಿಯಲ್ಲಿ ಅದು ಕಾಣುವುದಿಲ್ಲ.

ಇಸ್ಪೀಟ್ ಎಲೆ ಆಮೇಲೆ ಬರಲಿ. ನಮ್ಮ ಕಡೆ ಎಲೆ ಕಂಡರೆ ಅಜ್ಜ ಅಜ್ಜಿ ಜುಗಾರಿ ಅಂದುಕೊಳ್ಳುತ್ತಾರೆ, ಮೊದಲೇ ಹೇಳಿಟ್ಟುಬಿಡಿ. ಕೊಳ್ಳುವಾಗ ಪೋಕರ್ ಅಳತೆ ಕೇಳಿ: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಕೈ ತೀರಾ ಸಣ್ಣದಿದ್ದರೆ ಕಾಲಿಂಚು ಕಡಿಮೆ ಅಗಲದ ಬ್ರಿಜ್ ಅಳತೆಯೂ ನಡೆಯುತ್ತದೆ. ಜಾದೂಗಾರರು ಹೆಚ್ಚು ಬಳಸುವುದು ಬೈಸಿಕಲ್ ಬ್ರಾಂಡಿನ ಎಲೆ. ಅದರ ಮೈಮೇಲಿನ ಸಣ್ಣ ಸಣ್ಣ ಕುಳಿಗಳಿಂದ ಎಲೆಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ಪೂರ್ತಿ ಪ್ಲಾಸ್ಟಿಕ್ ಎಲೆ ಮಳೆಗೆ ಹೆದರುವುದಿಲ್ಲ ನಿಜ, ಆದರೆ ಜಾರುವುದು ಜಾಸ್ತಿ, ಹೊಸಬರ ಕೈಯಲ್ಲಿ ನಿಲ್ಲದು.

ಕಾರವಾರದ ತೊಂದರೆ ಬೇರೆ. ಜೂನ್ ಬಂತೆಂದರೆ ಕಾಗದದ ಎಲೆ ತೇವ ಹೀರಿ ಉಬ್ಬುತ್ತದೆ, ಬಾಗುತ್ತದೆ, ಒಂದಕ್ಕೊಂದು ಅಂಟುತ್ತದೆ. ಆಟ ಮುಗಿದ ಕೂಡಲೇ ಡಬ್ಬಿಗೆ ಹಾಕಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ. ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಒಳಗೆ ಹಾಕಿ. ಟಾಲ್ಕಮ್ ಪೌಡರ್ ಮಾತ್ರ ಬಳಿಯಬೇಡಿ, ಬೆವರಿನ ಜೊತೆ ಸೇರಿ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದು ಕಟ್ಟು ಹಾಳಾಗುವುದು ಇದ್ದದ್ದೇ. ದುಬಾರಿ ಚಂದದ ಕಟ್ಟು ತರಬೇಡಿ.

ಯೂಟ್ಯೂಬ್ ಒಂದೇ ಸಾಲದು. ಅಲ್ಲಿ ಟ್ರಿಕ್ ಸಿಗುತ್ತದೆ, ಕ್ರಮ ಸಿಗುವುದಿಲ್ಲ. ಹುಡುಗ ಇಪ್ಪತ್ತು ಗುಟ್ಟು ತಿಳಿದುಕೊಂಡಿರುತ್ತಾನೆ, ಒಂದನ್ನೂ ನೆಟ್ಟಗೆ ಮಾಡಲಾರ. ಒಂದು ಪುಸ್ತಕ ಹಿಡಿಯಿರಿ. ನಾಣ್ಯಕ್ಕೆ 1952ರ ಬೋಬೋ ಅವರ 'ಮಾಡರ್ನ್ ಕಾಯಿನ್ ಮ್ಯಾಜಿಕ್'. ಎಲೆಗೆ ಹ್ಯೂಗಾರ್ಡ್ ಮತ್ತು ಬ್ರೌ ಬರೆದ 'ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್'. ಇದು ಎಲೆ ಕಲಸುವುದರಿಂದಲೇ ಶುರುವಾಗುತ್ತದೆ. ಒಂದು ಪಟ್ಟು ಹೇಳಿಕೊಟ್ಟು, ಆ ಪಟ್ಟಿನಿಂದಲೇ ಮಾಡುವ ಆಟಗಳನ್ನು ಕೊಡುತ್ತದೆ. ಎರಡೂ ಇಂಗ್ಲಿಷ್‌ನಲ್ಲಿವೆ, ಏಳನೇ ಕ್ಲಾಸಿಗೆ ಸ್ವಲ್ಪ ಭಾರ. ಚಿತ್ರಗಳಿವೆ, ನೀವು ಜೊತೆಗೆ ಕೂತು ಓದಿ. ಚಿತ್ರ ನೋಡಿಯೂ ತಿಳಿಯದಿದ್ದರೆ ಆ ಪಟ್ಟಿನ ಹೆಸರು ಹಾಕಿ ವೀಡಿಯೊ ಹುಡುಕಿ. ಆಗ ಯೂಟ್ಯೂಬ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಯಾರಾದರೂ ಎಲೆಯ ಕೈಚಳಕದ ಮೇಲೆ ಅರ್ಡ್‌ನೇಸ್ ಬರೆದ 1902ರ ಪುಸ್ತಕ ಓದಿಸಿ ಅಂದರೆ ಈಗ ಬೇಡ ಅನ್ನಿ. ದೊಡ್ಡ ಪುಸ್ತಕವೇ, ಆದರೆ ಹೊಸಬರಿಗಲ್ಲ.

ಬೋರಲು ಬಟ್ಟಲಿನ ಕೆಳಗಿನ ಚೆಂಡು ಮಾಯವಾಗಿ ಇನ್ನೊಂದರ ಕೆಳಗೆ ಬರುವ ಬಟ್ಟಲು-ಚೆಂಡಿನ ಆಟದ ಆಸೆ ಇದ್ದರೆ ಅದಕ್ಕೂ ಕೊಳ್ಳುವುದೇನಿಲ್ಲ. ಒಂದರೊಳಗೊಂದು ಕೂರುವ ಮೂರು ಸ್ಟೀಲ್ ಲೋಟ ಆರಿಸಿ. ಕೂತಾಗ ನಡುವೆ ಚೆಂಡು ಹಿಡಿಯುವಷ್ಟು ಜಾಗ ಉಳಿಯಬೇಕು. ಬೋರಲು ಹಾಕಿದಾಗ ತಳದ ಮೇಲೆ ಚೆಂಡು ಉರುಳದೆ ನಿಲ್ಲಬೇಕು. ಚೆಂಡಿಗೆ ಉಣ್ಣೆ ದಾರ ಬಿಗಿಯಾಗಿ ಸುತ್ತಿದರಾಯಿತು. ಶಿರಸಿ ನೆಂಟರ ಮನೆಯ ಅಡಿಕೆ ಬೇಡ, ಲೋಟಕ್ಕೆ ತಾಗಿದರೆ ಟಣ್ ಅಂತ ಸದ್ದು ಮಾಡಿ ಗುಟ್ಟೆಲ್ಲ ರಟ್ಟು ಮಾಡುತ್ತದೆ.