ಮೂಲೆ ಅಂಗಡಿಗಳಿಂದಲೇ ಮೇಲೆದ್ದು, ಅವುಗಳಿಂದಲೇ ಮುಳುಗಿದ ಕಂಪನಿ

ನ್ಯೂಯಾರ್ಕಿನ ಫ್ಲಾಟಿರನ್ ಕಟ್ಟಡದ ಹಳೇ ಫೋಟೊಗಳಲ್ಲಿ ಅದರ ಚೂಪು ಮೂತಿಗೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಗಾಜಿನ ಅಂಗಡಿ ಕಾಣುತ್ತದೆ. ಬ್ರಾಡ್‌ವೇ ಮತ್ತು ಫಿಫ್ತ್ ಅವೆನ್ಯೂ ಕೂಡುವ ಜಾಗ ಅದು. ವಾಸ್ತುಶಿಲ್ಪಿ ಡೇನಿಯಲ್ ಬರ್ನ್‌ಹ್ಯಾಮ್‌ಗೆ ಆ ಗಾಜಿನ ಗೂಡು ಬೇಡವಾಗಿತ್ತು. ಕಟ್ಟಿಸಿದವರಿಗೆ ಬಾಡಿಗೆ ಬೇಕಿತ್ತು. ಅಲ್ಲಿಗೆ ಬಂದ ಬಾಡಿಗೆದಾರ ಯುನೈಟೆಡ್ ಸಿಗಾರ್ ಸ್ಟೋರ್ಸ್, ಅಂದರೆ ಸಿಗಾರ್ (ಚುರುಟು) ಮಾರುವ ಅಂಗಡಿಗಳ ಸರಣಿ. ಆ ಕಂಪನಿಯ ಕತೆಯಲ್ಲಿ ತಂಬಾಕಿಗಿಂತ ಬಾಡಿಗೆಯ ಪಾತ್ರವೇ ಜಾಸ್ತಿ.

ಆಗಿನ ಅಮೆರಿಕದ ತಂಬಾಕು ಅಂಗಡಿ ಅಂದರೆ ಬಾಗಿಲಲ್ಲಿ ಮರದ ಗೊಂಬೆ, ಒಳಗೆ ಮಬ್ಬು ಬೆಳಕು, ಪರಿಚಯದವರಿಗೆ ಸಾಲ, ಹರಟೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನ ಜಾರ್ಜ್ ವೀಲನ್ 1901ರಲ್ಲಿ ಯುನೈಟೆಡ್ ಶುರುಮಾಡಿ ಇದನ್ನೆಲ್ಲ ಬದಲಾಯಿಸಲು ಹೊರಟ. ಝಗಮಗಿಸುವ ಅಂಗಡಿ, ಎಲ್ಲ ಕಡೆ ಒಂದೇ ಬೋರ್ಡು, ನಗದು ವ್ಯಾಪಾರ. ಕೊಂಡಷ್ಟಕ್ಕೆ ಕೂಪನ್. ಕೂಡಿಟ್ಟರೆ ಮನೆ ಸಾಮಾನು ಬಹುಮಾನ. ಗಿರಾಕಿಗೆ ಥ್ಯಾಂಕ್ಸ್ ಹೇಳುವುದನ್ನೂ ನೌಕರರಿಗೆ ನಿಯಮ ಮಾಡಿದರು.

ಇದಕ್ಕೆಲ್ಲ ದುಡ್ಡು ಎಲ್ಲಿಂದ? ಜೇಮ್ಸ್ ಬುಕನನ್ ಡ್ಯೂಕ್‌ನ ಅಮೆರಿಕನ್ ಟೊಬ್ಯಾಕೊ ಕಂಪನಿಯಿಂದ. ಸಿಗರೇಟು ತಯಾರಿಕೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದ ಡ್ಯೂಕ್‌ಗೆ ಈಗ ಅಂಗಡಿಯೂ ಕೈಗೆ ಬಂತು. ಪಕ್ಕದ ಬೀದಿಯ ಸಣ್ಣ ವ್ಯಾಪಾರಿ ಮಾತ್ರ ಒದ್ದಾಡಿದ. ಸಾಮಾನು ಕೊಳ್ಳಬೇಕಾದ್ದೂ ಡ್ಯೂಕ್‌ನಿಂದ, ಪೈಪೋಟಿಯೂ ಡ್ಯೂಕ್ ಜೊತೆಗೇ! (ಇದೇ ಡ್ಯೂಕ್ 1902ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಟೊಬ್ಯಾಕೊ ಜೊತೆ ರಾಜಿಯಾದ. ಆಗ ಹುಟ್ಟಿದ್ದು ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. 1910ರಲ್ಲಿ ಕಲ್ಕತ್ತದಲ್ಲಿ ಶುರುವಾದ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯಾ, ಅಂದರೆ ಇವತ್ತಿನ ಐಟಿಸಿ, ಇದೇ ಬಳ್ಳಿಯ ಕುಡಿ.)

1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಡ್ಯೂಕ್‌ನ ಏಕಸ್ವಾಮ್ಯದ ಕೂಟವನ್ನು ಒಡೆಯಿತು. ಯುನೈಟೆಡ್ ಬೇರೆಯಾಯಿತು. ಅಲ್ಲಿಗೆ ಮುಗೀತು ಅಂತ ಕಾದವರಿಗೆ ನಿರಾಸೆ. ಅಂಗಡಿಗಳು ಇನ್ನೂ ಬೆಳೆದವು, 1920ರ ದಶಕದಲ್ಲಿ ಸಾವಿರ ದಾಟಿದವು.

ಅದರ ಗುಟ್ಟು ಮೂಲೆಗಳಲ್ಲಿತ್ತು. ಹೊಸ ಅಂಗಡಿಗೆ ಮೊದಲು ಕಂಪನಿಯ ಜನ ಬೀದಿಯಲ್ಲಿ ನಿಂತು ಓಡಾಡುವವರನ್ನು ಎಣಿಸುತ್ತಿದ್ದರು. ಎರಡು ರಸ್ತೆ ಕೂಡುವ ಮೂಲೆ ಸಿಕ್ಕರೆ ಬಿಡುತ್ತಿರಲಿಲ್ಲ. ಸಿಗಾರಿಗೆ ಬೇಕಾದ್ದು ಅಂಗೈಯಗಲ ಜಾಗ. ಆದರೂ ಎಷ್ಟೋ ಕಡೆ ಇಡೀ ಕಟ್ಟಡವನ್ನೇ ದೀರ್ಘಾವಧಿ ಲೀಸಿಗೆ ಹಿಡಿದರು. ಮೂಲೆ ತಮಗೆ, ಮಿಕ್ಕಿದ್ದು ಬೇರೆಯವರಿಗೆ ಒಳಬಾಡಿಗೆಗೆ. ಲೆಕ್ಕ ಸರಿಯಾಗಿ ಕೂತರೆ ತಮ್ಮ ಅಂಗಡಿಗೆ ಬಾಡಿಗೆಯೇ ಇಲ್ಲ! ಸಿಗಾರ್ ಮಾರುವವರು ನಿಧಾನಕ್ಕೆ ಜಾಗದ ದಲ್ಲಾಳಿಗಳಾದರು. ಊರು ಬೆಳೆಯುತ್ತಿರುವ ತನಕ ಇದು ಜಾಣತನ. ಬಾಡಿಗೆ ಇಳಿಯಬಹುದು ಅನ್ನುವ ಯೋಚನೆ ಯಾರಿಗೂ ಇದ್ದಂತಿಲ್ಲ.

ಅತ್ತ ವ್ಯಾಪಾರವೂ ಸವೆಯುತ್ತಿತ್ತು. ಮೊದಲ ಮಹಾಯುದ್ಧದ ಸೈನಿಕರು ಸಿಗರೇಟಿಗೆ ಒಗ್ಗಿಹೋಗಿದ್ದರು, ಸಿಗಾರ್ ಹಿಂದೆ ಬಿತ್ತು. ಸಿಗಾರ್ ಕೊಳ್ಳುವವನಿಗೆ ಒಳ್ಳೇ ಅಂಗಡಿ ಬೇಕು, ಆರಿಸಿಕೊಡುವವನು ಬೇಕು. ಸಿಗರೇಟು ಪ್ಯಾಕು ಎಲ್ಲಿ ಕೊಂಡರೂ ಅದೇ ಅಲ್ವಾ? ದಿನಸಿ ಅಂಗಡಿ ಸರಣಿಗಳು ಗಿರಾಕಿ ಸೆಳೆಯಲು ಅದನ್ನು ಲಾಭವಿಲ್ಲದ ಬೆಲೆಗೆ ಮಾರತೊಡಗಿದವು. ಯುನೈಟೆಡ್ ಕೂಡ ಬೆಲೆ ಇಳಿಸಿತು. ತಂಬಾಕನ್ನೇ ನಂಬಿದ ಅಂಗಡಿಗೆ ಅದು ಆತ್ಮಹತ್ಯೆ.

1929ರಲ್ಲಿ ಷೇರುಪೇಟೆ ಕುಸಿಯಿತು. ಒಳಬಾಡಿಗೆಯವರು ಅಂಗಡಿ ಮುಚ್ಚಿದರು, ಕಟ್ಟಡದ ಮಾಲೀಕರಿಗೆ ಬರೆದುಕೊಟ್ಟ ಹಳೇ ದರ ಹಾಗೇ ಉಳಿಯಿತು. 1932ರ ಆಗಸ್ಟಿನಲ್ಲಿ ಕಂಪನಿ ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. ಇದು ಲೀಸುಗಳಿಂದ ತಪ್ಪಿಸಿಕೊಳ್ಳುವ ಆಟ ಅಂತ ಮಾಲೀಕರು ಕೂಗಾಡಿದರು. ಅವರ ಸಿಟ್ಟು ಸುಮ್ನೆ ಅಲ್ಲ. ಆಗಿನ ಕಾನೂನಿನಲ್ಲಿ ಮುಂದಿನ ವರ್ಷಗಳ ಬಾಡಿಗೆ ನಷ್ಟ ದಿವಾಳಿ ಕಂಪನಿಯಿಂದ ವಸೂಲಾಗುವುದು ಕಷ್ಟವಿತ್ತು. 1934ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಿದ್ದಿ, ಮಿತಿಯೊಳಗೆ ಆ ನಷ್ಟ ಕೇಳುವ ಹಕ್ಕು ಕೊಟ್ಟಿತು. ಪುನರ್ರಚನೆಯಾದ ಕಂಪನಿಯ ಹೆಸರು ಯುನೈಟೆಡ್ ಸಿಗಾರ್-ವೀಲನ್ ಸ್ಟೋರ್ಸ್. ಮುಂದೆ ಜನ ಅದನ್ನು ಗುರುತಿಸಿದ್ದು ಹೆಚ್ಚಾಗಿ ವೀಲನ್ ಔಷಧಿ ಅಂಗಡಿಗಳಿಂದ.