ಡಾಕ್ಟರಿದ್ದರು, ಆದರೆ ಅವರ ಮಾತು ನಡೆಯುತ್ತಿರಲಿಲ್ಲ

ಓದುಗರ ಪ್ರಶ್ನೆ: ಅಮೆರಿಕಕ್ಕೆ ಒಬ್ಬ ಸರ್ಜನ್ ಜನರಲ್ ಇರುವುದು ಗೊತ್ತು. ಆದರೆ ಹಳೆಯ ಬರಹಗಳಲ್ಲಿ ‘ಇಲಿನಾಯ್ ರಾಜ್ಯದ ಸರ್ಜನ್ ಜನರಲ್’ ಎಂದೂ ಬರುತ್ತದೆ. ರಾಜ್ಯಕ್ಕೊಂದು ಸೈನ್ಯ, ಆ ಸೈನ್ಯಕ್ಕೊಬ್ಬ ವೈದ್ಯಾಧಿಕಾರಿ ಇದ್ದದ್ದು ನಿಜವೇ? ಅವರು ಮಾಡುತ್ತಿದ್ದದ್ದೇನು?

ಉತ್ತರ: ನಿಜ. ನಮಗೆ ಇದು ವಿಚಿತ್ರವೆನಿಸುವುದು ಸಹಜ. ನಮ್ಮ ಸಂವಿಧಾನದಲ್ಲಿ ಸೈನ್ಯ ಕೇಂದ್ರದ ಪಟ್ಟಿಗೆ ಸೇರಿದ್ದು. ರಾಜ್ಯ ಸರ್ಕಾರ ಪೊಲೀಸರನ್ನೂ ಗೃಹರಕ್ಷಕರನ್ನೂ ಇಟ್ಟುಕೊಳ್ಳಬಹುದೇ ಹೊರತು ರೆಜಿಮೆಂಟ್ ಕಟ್ಟುವಂತಿಲ್ಲ. ಅಮೆರಿಕದಲ್ಲಿ ಮಾತ್ರ ಕೇಂದ್ರದ ಸೈನ್ಯಕ್ಕಿಂತ ಹಳೆಯದು ಊರವರ ಪಡೆ, ಅಂದರೆ ಮಿಲಿಷಿಯಾ. ಉಳುವವರು, ಕಮ್ಮಾರರು, ಅಂಗಡಿಯವರು ಕರೆ ಬಂದಾಗ ಬಂದೂಕು ಹಿಡಿದು ಬರುತ್ತಿದ್ದರು. 1792ರ ಮಿಲಿಷಿಯಾ ಕಾಯ್ದೆ 18ರಿಂದ 45 ವರ್ಷದೊಳಗಿನ ಬಿಳಿಯ ಗಂಡಸರನ್ನೆಲ್ಲ ಇದಕ್ಕೆ ಸೇರಿಸಿತು. ಒಬ್ಬೊಬ್ಬನೂ ತರಬೇಕಾದ ಬಂದೂಕು, ಚಕಮಕಿ ಕಲ್ಲು, ತೋಟಾಗಳ ಲೆಕ್ಕವನ್ನು ಕಾಯ್ದೆ ಕೂಲಂಕಷವಾಗಿ ಬರೆದಿದೆ. ವೈದ್ಯಕ್ಕೆ ಬಂದರೆ ರೆಜಿಮೆಂಟಿಗೆ ಒಬ್ಬ ಸರ್ಜನ್, ಒಬ್ಬ ಸಹಾಯಕ, ಅಷ್ಟೇ. ಆಸ್ಪತ್ರೆಯನ್ನು ಯಾರು ನಡೆಸಬೇಕು, ಗಾಯಾಳುವನ್ನು ಯಾರು ಹೊರಬೇಕು ಎಂಬುದನ್ನು ಅದು ಹೇಳಲಿಲ್ಲ.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ರಾಜ್ಯಗಳು ಕಟ್ಟಿಕೊಟ್ಟ ಸ್ವಯಂಸೇವಕ ರೆಜಿಮೆಂಟುಗಳಿಗೆ ಸರ್ಜನ್‌ಗಳನ್ನು ನೇಮಿಸುತ್ತಿದ್ದವರು ಆಯಾ ರಾಜ್ಯದ ಗವರ್ನರ್, ಅಂದರೆ ಅಲ್ಲಿನ ಸರ್ಕಾರದ ಚುನಾಯಿತ ಮುಖ್ಯಸ್ಥರು. ಆ ಡಾಕ್ಟರಿಗೆ ತನ್ನ ರೆಜಿಮೆಂಟೇ ಪ್ರಪಂಚ. ಗಾಯಾಳುಗಳನ್ನು ಸಾಗಿಸಬೇಕಾದವರಿಗೋ ಯುದ್ಧದ ತರಬೇತಿಯೇ ಇರಲಿಲ್ಲ. ಬೋಸ್ಟನ್ನಿನ ಹೆಸರಾಂತ ವೈದ್ಯ ಹೆನ್ರಿ ಬೌಡಿಚ್ ಅವರಿಗೆ ಇದರ ಬಿಸಿ ತಟ್ಟಿದ್ದು ಸ್ವಂತ ಮನೆಯಲ್ಲಿಯೇ. ಮ್ಯಾಸಚೂಸೆಟ್ಸ್‌ನ ಒಂದನೇ ಅಶ್ವದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಅವರ ಮಗ ನಥಾನಿಯಲ್ 1863ರ ಮಾರ್ಚ್ 17ರಂದು ವರ್ಜೀನಿಯಾದ ಕೆಲ್ಲೀಸ್ ಫೋರ್ಡ್‌ನಲ್ಲಿ ಗುಂಡೇಟು ತಿಂದು ಬಿದ್ದ. ಎತ್ತಿ ತರಲು ಆಂಬುಲೆನ್ಸ್ ಇರಲಿಲ್ಲ. ಮಗ ತೀರಿಹೋದ ಮೇಲೆ ತಂದೆ ಸುಮ್ಮನೆ ಕೂರಲಿಲ್ಲ. ಆಂಬುಲೆನ್ಸ್ ದಳಕ್ಕಾಗಿ ಕರಪತ್ರ ಬರೆದರು, ರಾಜಕಾರಣಿಗಳ ಬೆನ್ನುಬಿದ್ದರು. ಕೇಂದ್ರದ ಸೇನೆಗಳಲ್ಲೊಂದಾದ ಪೊಟೊಮ್ಯಾಕ್ ಸೇನೆಯಲ್ಲಿ ಅದರ ವೈದ್ಯಾಧಿಕಾರಿ ಜೊನಾಥನ್ ಲೆಟರ್‌ಮನ್ 1862ರಲ್ಲಿಯೇ ಅಂಥ ದಳವೊಂದನ್ನು ಕಟ್ಟಿದ್ದರು. ಅದು ಎಲ್ಲ ಸೇನೆಗಳಿಗೂ ಕಾನೂನಾಗಿ ಬಂದದ್ದು 1864ರ ಮಾರ್ಚ್‌ನಲ್ಲಿ.

ಯುದ್ಧ ಮುಗಿಯಿತು, ಮಿಲಿಷಿಯಾಗಳು ಒಂದೊಂದಾಗಿ ‘ನ್ಯಾಷನಲ್ ಗಾರ್ಡ್’ ಎಂಬ ಹೆಸರು ಹೊತ್ತವು. ನೀವು ಕೇಳಿದ ಸರ್ಜನ್ ಜನರಲ್ ಗವರ್ನರ್ ಅವರ ಸೈನಿಕ ಪರಿವಾರದಲ್ಲಿ ಒಬ್ಬರು. ಈ ಹುದ್ದೆಗೆ ಜೀವ ತುಂಬಿದವರಲ್ಲಿ ನನಗೆ ಮೊದಲು ನೆನಪಾಗುವವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ನಿಕೊಲಸ್ ಸೆನ್. ಮೊದಲು ವಿಸ್ಕಾನ್ಸಿನ್, ಆಮೇಲೆ ಇಲಿನಾಯ್ ರಾಜ್ಯದ ಸರ್ಜನ್ ಜನರಲ್ ಆದವರು. ಹೊಟ್ಟೆಗೆ ಗುಂಡು ಹೊಕ್ಕವನ ಕರುಳು ತೂತಾಗಿದೆಯೇ ಎಂದು ತಿಳಿಯಲು ಗುದದ್ವಾರದಿಂದ ಹೈಡ್ರೋಜನ್ ತುಂಬಬೇಕು, ತೂತಿದ್ದರೆ ಅನಿಲ ಗಾಯದ ಬಾಯಿಂದ ಹೊರಬರುತ್ತದೆ, ಕಡ್ಡಿ ಗೀರಿ ಹಿಡಿದರೆ ಹೊತ್ತಿಕೊಳ್ಳುತ್ತದೆ ಎಂಬುದು ಅವರ ಉಪಾಯ. ನಾಯಿಗಳ ಮೇಲೆ ಮಾಡಿ ನೋಡಿದ ಪುಣ್ಯಾತ್ಮರು ಹೈಡ್ರೋಜನ್ನನ್ನು ತಮ್ಮ ಹೊಟ್ಟೆಗೂ ತುಂಬಿಸಿಕೊಂಡರು! 1891ರಲ್ಲಿ ಬೇರೆ ಬೇರೆ ರಾಜ್ಯಗಳ ಸುಮಾರು ಐವತ್ತು ಮಂದಿ ಗಾರ್ಡ್ ವೈದ್ಯರನ್ನು ಚಿಕಾಗೋದಲ್ಲಿ ಕೂಡಿಸಿ ಸೈನಿಕ ಸರ್ಜನ್‌ಗಳ ಸಂಘ ಕಟ್ಟಿದರು. ಅದುವರೆಗೆ ತಮ್ಮ ತಮ್ಮ ರಾಜ್ಯದಲ್ಲಿ ಒಂಟಿಯಾಗಿದ್ದವರು ಸ್ಟ್ರೆಚರ್ ಕವಾಯತಿನಿಂದ ಹಿಡಿದು ಗಾಯದ ಪಟ್ಟಿಯವರೆಗೆ ಒಟ್ಟಿಗೆ ಕುಳಿತು ಚರ್ಚಿಸುವಂತಾಯಿತು. ಆ ಸಂಘ ಇಂದಿಗೂ ಇದೆ.

ಆದರೆ 1898ರಲ್ಲಿ ಸ್ಪೇನ್ ಜೊತೆ ಯುದ್ಧ ಬಂದಾಗ ಎಲ್ಲವೂ ಬಯಲಾಯಿತು. ರಾಜ್ಯಗಳಿಂದ ಬಂದ ರೆಜಿಮೆಂಟುಗಳನ್ನು ಜಾರ್ಜಿಯಾದ ಚಿಕಮೌಗದಂಥ ದೊಡ್ಡ ಶಿಬಿರಗಳಲ್ಲಿ ತುಂಬಿದರು. ಅವು ತಂದಿದ್ದ ಸಣ್ಣ ಆಸ್ಪತ್ರೆಗಳನ್ನು ಬಿಚ್ಚಿ, ಹಲವು ರೆಜಿಮೆಂಟುಗಳಿಗೆ ಒಂದರಂತೆ ಡಿವಿಷನ್ ಆಸ್ಪತ್ರೆಗಳನ್ನು ಮಾಡಿದರು. ಪಾಯಿಖಾನೆ ಗುಂಡಿಗಳು ಒಂದು ಕಡೆ, ಅಡುಗೆಯ ಡೇರೆ ಅಲ್ಲೇ ಹತ್ತಿರ. ಗುಂಡಿಗೆ ಸುಣ್ಣ ಚೆಲ್ಲಿದ್ದರು. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಓಡಾಡುವ ನೊಣದ ಕಾಲಲ್ಲಿ ಅದೇ ಬಿಳಿ ಸುಣ್ಣ. ಟೈಫಾಯ್ಡ್ ಹಬ್ಬಿತು. ಅದನ್ನು ಅನೇಕ ವೈದ್ಯರು ಮಲೇರಿಯಾ ಎಂದು ಬರೆದುಕೊಂಡರು.

ವಾಲ್ಟರ್ ರೀಡ್, ವಿಕ್ಟರ್ ವಾನ್, ಎಡ್ವರ್ಡ್ ಶೇಕ್ಸ್‌ಪಿಯರ್ ಎಂಬ ಮೂವರು ವೈದ್ಯರ ಮಂಡಳಿ ಲೆಕ್ಕ ತೆಗೆಯಿತು. ಇವರಲ್ಲಿ ವಾನ್ ಸ್ವತಃ ಮಿಷಿಗನ್ ರೆಜಿಮೆಂಟಿನ ಸರ್ಜನ್ ಆಗಿ ಕ್ಯೂಬಾಕ್ಕೆ ಹೋಗಿದ್ದವರು. ಮಂಡಳಿ ಪರಿಶೀಲಿಸಿದ 92 ರೆಜಿಮೆಂಟುಗಳ 1,07,973 ಮಂದಿಯಲ್ಲಿ 20,738 ಮಂದಿಗೆ ಟೈಫಾಯ್ಡ್ ತಗುಲಿತ್ತು. 1,580 ಮಂದಿ ಸತ್ತಿದ್ದರು. ಆ ಇಡೀ ಯುದ್ಧದಲ್ಲಿ ಶತ್ರುವಿನ ಗುಂಡಿಗೆ ಸತ್ತ ಅಮೆರಿಕನ್ನರು ನಾನೂರಕ್ಕಿಂತ ಕಡಿಮೆ. ಸರ್ಜನ್ ಎಚ್ಚರಿಸಬಹುದಿತ್ತು, ಗುಂಡಿಯನ್ನು ದೂರ ತೋಡಿಸಿ ಎಂದು ಬರೆದುಕೊಡಬಹುದಿತ್ತು, ಅಷ್ಟೇ. ಹುಕುಂ ಕೊಡುವ ಅಧಿಕಾರ ರೆಜಿಮೆಂಟಿನ ಮುಖ್ಯಸ್ಥನಾದ ಕರ್ನಲ್‌ನದು. ಕರ್ನಲ್ ನಿನ್ನೆಯವರೆಗೆ ಊರಿನ ವಕೀಲನೋ ವ್ಯಾಪಾರಿಯೋ ಆಗಿದ್ದರೆ ನೊಣದ ಮಾತು ಅವನಿಗೆ ತಲೆಹರಟೆಯಾಗಿಯೇ ಕೇಳಿಸಿರಬೇಕು. ನನ್ನನ್ನು ಕೇಳಿದರೆ, ಅಲ್ಲಿ ಸೋತದ್ದು ಔಷಧವಲ್ಲ, ಡಾಕ್ಟರಿಗೆ ಕೊಟ್ಟ ಸ್ಥಾನ.

1903ರ ಜನವರಿಯಲ್ಲಿ ಬಂದ ಡಿಕ್ ಕಾಯ್ದೆ ರಾಜ್ಯಗಳ ಗಾರ್ಡ್ ಕೇಂದ್ರ ಸೈನ್ಯದ ಅಚ್ಚಿನಲ್ಲಿಯೇ ಇರಬೇಕೆಂದು ಹೇಳಿ ಐದು ವರ್ಷದ ಗಡುವು ಕೊಟ್ಟಿತು. ವೈದ್ಯಕೀಯ ವಿಭಾಗಕ್ಕೂ ಅದೇ ಅಚ್ಚು. ಗವರ್ನರ್ ತನಗಿಷ್ಟ ಬಂದಂತೆ ಕಟ್ಟುವ ಕಾಲ ಅಲ್ಲಿಂದಾಚೆಗೆ ಮುಗಿಯುತ್ತಾ ಬಂತು. ಹಾಗೆಂದು ರಾಜ್ಯದ ಡಾಕ್ಟರು ಮಾಯವಾಗಲಿಲ್ಲ. ನ್ಯಾಷನಲ್ ಗಾರ್ಡ್‌ನಲ್ಲಿ ಇವತ್ತಿಗೂ ‘ಸ್ಟೇಟ್ ಸರ್ಜನ್’ ಎಂಬ ಹುದ್ದೆ ಉಂಟು. ಗಾರ್ಡ್‌ನಿಂದ ಹೊರಗೆ, ಪೂರ್ತಿಯಾಗಿ ರಾಜ್ಯದ ಕೈಯಲ್ಲಿಯೇ ಇರುವ ಸ್ವಯಂಸೇವಕ ಪಡೆಗಳೂ ಕೆಲವು ಕಡೆ ಇವೆ. 2005ರಲ್ಲಿ ಕತ್ರಿನಾ ಚಂಡಮಾರುತ ಲೂಸಿಯಾನಾವನ್ನು ಮುಳುಗಿಸಿದಾಗ ಅಲ್ಲಿನ ಜೆಫರ್ಸನ್ ಪ್ರಾಂತ್ಯಕ್ಕೆ ಔಷಧದ ಪೆಟ್ಟಿಗೆ ಹೊತ್ತು ಬಂದವರಲ್ಲಿ ಮೇರಿಲ್ಯಾಂಡ್ ರಾಜ್ಯದ ಇಂಥದೇ ಪಡೆಯ ವೈದ್ಯರಿದ್ದರು.