ಹತ್ತು ಗುಂಟೆ, 351 ತುಂಡು: ವರ್ಚುವಲ್ ಲೋಕದಲ್ಲಿ ಶಿರಸಿ ಮನೆ ಕಟ್ಟುವವರಿಗೆ ಟಿಪ್ಪಣಿ

ಮಳೆಗಾಲದಲ್ಲಿ ಶಿರಸಿ ಕಡೆ ಕರೆಂಟು ಹೋಗುವುದು ಹೊಸದೇನಲ್ಲ. ಹೋದ ಜುಲೈಯಲ್ಲಿ ಒಂದು ಸಂಜೆ ನಾನು ಸೆಕೆಂಡ್ ಲೈಫ್ ಅನ್ನುವ ಇಂಟರ್ನೆಟ್ಟಿನ ವರ್ಚುವಲ್ ಲೋಕದಲ್ಲಿ ಮನೆಗೆ ಹಂಚಿನ ಮಾಡು ಕೂರಿಸುತ್ತಿದ್ದೆ. ಪಟ್ಟನೆ ಸ್ಕ್ರೀನ್ ಕಪ್ಪಾಯಿತು. ಒಳಗಿನಿಂದ ಆಯಿ ಕೇಳಿದಳು, "ಕರೆಂಟು ಹೋತು. ಈಗ ನಿನ್ನ ಮನೆ ಎಂತಾಗ್ತು ತಮಾ?"

ಮನೆಗೆ ಏನೂ ಆಗುವುದಿಲ್ಲ. ವರ್ಚುವಲ್ ಲೋಕ ಕಲಿಯುವವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಆ ಮನೆ ನಮ್ಮ ಕಂಪ್ಯೂಟರಿನಲ್ಲಿ ಇಲ್ಲ, ದೂರದ ಸರ್ವರಿನಲ್ಲಿದೆ. ನಾನು ಹೊರಬಿದ್ದರೂ ಅಂಗಳ ಅಲ್ಲೇ ಇರುತ್ತದೆ, ದಾರಿಹೋಕರು ಬಂದು ಜಗಲಿಯಲ್ಲಿ ಕೂತು ಹೋಗುತ್ತಾರೆ. ಆಟವಾದರೆ ನಾವು ನಿಲ್ಲಿಸಿದಾಗ ಅದೂ ನಿಲ್ಲುತ್ತದೆ. ಊರು ಹಾಗಲ್ಲ. ಇದು ಊರು ಅಂತ ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇತಿಹಾಸ ಚಿಕ್ಕದಾಗಿ ಹೇಳಿಬಿಡುತ್ತೇನೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಬರೀ ಅಕ್ಷರಗಳಲ್ಲೇ ನಡೆಯುವ 'ಮಡ್' ಅನ್ನುವ ಲೋಕ ಕಟ್ಟಲು ಶುರು ಮಾಡಿದರು. 1986ರಲ್ಲಿ ಲ್ಯೂಕಾಸ್‌ಫಿಲ್ಮ್‌ನವರ 'ಹ್ಯಾಬಿಟ್ಯಾಟ್' ಬಂತು. ಅದರಲ್ಲಿ ತೆರೆಯ ಮೇಲೆ ಓಡಾಡುವ ಗೊಂಬೆಗೆ 'ಅವತಾರ್' ಅಂದರು. ನಮ್ಮ ಅವತಾರವೇ! ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ ಮುಂಡಾಸು ಕಟ್ಟಿದ ಮೇಲೆ ನಮ್ಮೂರಿನ ಮನುಷ್ಯನೇ ಬೇರೆಯಾಗುವುದನ್ನು ನೋಡಿ ಬೆಳೆದ ನಮಗೆ ಈ ಮಾತು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಆಮೇಲೆ ಫಿಲಿಪ್ ರೋಸ್‌ಡೇಲ್ ಕಟ್ಟಿದ ಲಿಂಡನ್ ಲ್ಯಾಬ್ 2003ರ ಜೂನ್ 23ರಂದು ಸೆಕೆಂಡ್ ಲೈಫ್ ಶುರು ಮಾಡಿತು. ಅದೇ ವರ್ಷದ ಕೊನೆಗೆ ಅಲ್ಲಿನವರು ಮಾಡಿದ ವಸ್ತುಗಳ ಹಕ್ಕು ಮಾಡಿದವರದ್ದೇ ಅಂತ ಆಯಿತು. ನನ್ನ ಪ್ರಕಾರ ಆ ಊರು ಇಷ್ಟು ವರ್ಷ ಉಳಿದಿರುವುದಕ್ಕೆ ದೊಡ್ಡ ಕಾರಣ ಇದೇ.

ಈಗ ಜಾಗದ ಲೆಕ್ಕ. ಅಲ್ಲಿ ನೆಲವನ್ನು 'ರೀಜನ್' ಅನ್ನುವ ಚೌಕಗಳಾಗಿ ಮಾಡಿದ್ದಾರೆ. ಒಂದೊಂದೂ 256 ಮೀಟರ್ ಉದ್ದ, 256 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ 16 ಎಕರೆ 8 ಗುಂಟೆಯ ಹತ್ತಿರ. ನಾನು ಬಾಡಿಗೆಗೆ ಹಿಡಿದದ್ದು ಲಿಂಡನ್ ಲ್ಯಾಬಿನವರೇ ನಡೆಸುವ ದೊಡ್ಡ ನೆಲವಾದ ಮೇನ್‌ಲ್ಯಾಂಡಿನಲ್ಲಿ 1024 ಚದರ ಮೀಟರ್, ಅಂದರೆ ಹತ್ತು ಗುಂಟೆ ಚಿಲ್ಲರೆ. ಆದರೆ ಅಲ್ಲಿ ಕಟ್ಟುವಾಗ ಕೈ ಕಟ್ಟುವುದು ಗುಂಟೆಯಲ್ಲ, ತುಂಡಿನ ಮಿತಿ. ಮೇನ್‌ಲ್ಯಾಂಡಿನ ಸಾಮಾನ್ಯ ರೀಜನ್ನಿಗೆ 22,500 ತುಂಡು. ನನ್ನ ಪಾಲಿಗೆ ಬಂದದ್ದು 351. ಈ ತುಂಡಿಗೆ ಅಲ್ಲಿನವರು 'ಪ್ರಿಮ್' ಅನ್ನುತ್ತಾರೆ: ಡಬ್ಬಿ, ಗೋಲಿ, ಕೊಳವೆಯಂಥ ಸರಳ ಆಕಾರಗಳು. ಹೊಸ ತುಂಡು ಇಟ್ಟರೆ ಮೈಮೇಲೆ ಪ್ಲೈವುಡ್ ಚಿತ್ರ ಹೊತ್ತುಕೊಂಡೇ ಬರುತ್ತದೆ.

351 ಅಂದರೆ ಜಾಸ್ತಿಯೇ ಅನಿಸುತ್ತದೆ. ನನಗೂ ಅನಿಸಿತ್ತು. ಮಾಡಿಗೆ ಒಂದೊಂದೇ ಹಂಚು ಮಾಡಿ ಹೊದಿಸುತ್ತಾ ಹೋದೆ. ಒಂದು ಬದಿಯೂ ಮುಗಿಯುವ ಮೊದಲೇ ಲೆಕ್ಕ ತೀರಿತು. ಕಂಬಕ್ಕೆ, ತುಳಸಿಕಟ್ಟೆಗೆ ಏನೂ ಉಳಿಯಲಿಲ್ಲ. ಅಲ್ಲಿ ಕಲಿತ ಪಾಠ: ಆಕಾರಕ್ಕೆ ತುಂಡು, ವಿವರಕ್ಕೆ ಚಿತ್ರ. ಎರಡು ಚಪ್ಪಟೆ ಹಲಗೆ ಇಳಿಜಾರಾಗಿ ಇಟ್ಟು, ಅವುಗಳ ಮೇಲೆ ಹಂಚಿನ ಫೋಟೋ ಅಂಟಿಸಿದರೆ ಮಾಡಾಯಿತು. ನಮ್ಮ ಕೊಟ್ಟಿಗೆಯ ಮಾಡಿನ ಫೋಟೋವನ್ನೇ ತೆಗೆದೆ. ಮೋಡ ಮುಚ್ಚಿದ ದಿನ ತೆಗೆಯಿರಿ, ಬಿಸಿಲಿದ್ದರೆ ನೆರಳು ಕೂಡ ಚಿತ್ರದಲ್ಲಿ ಕೂತುಬಿಡುತ್ತದೆ. ಎಡ ಅಂಚು ಬಲ ಅಂಚಿಗೆ ಹೊಂದುವಂತೆ ಕತ್ತರಿಸಿ, 512 ಅಥವಾ 1024 ಪಿಕ್ಸೆಲ್ ಅಳತೆಗೆ ತನ್ನಿ. 1024ರವರೆಗಿನ ಚಿತ್ರ ಏರಿಸಲು 10 ಲಿಂಡನ್ ಡಾಲರ್ ಕೊಡಬೇಕು. ಅದು ಅಲ್ಲಿನ ದುಡ್ಡು. ಕೊಡುವ ಮೊದಲು 'ಲೋಕಲ್' ಅನ್ನುವ ಆಯ್ಕೆಯಲ್ಲಿ ಪುಕ್ಕಟೆ ಹಾಕಿ ನೋಡಬಹುದು. ಆಗ ಅದು ನಿಮಗೊಬ್ಬರಿಗೇ ಕಾಣುತ್ತದೆ.

ಅಳತೆಯಲ್ಲಿ ಇನ್ನೊಂದು ಪೆಟ್ಟು ತಿಂದೆ. ನಮ್ಮ ಹಳೇ ಮನೆಯನ್ನು ಟೇಪು ಹಿಡಿದು ಅಳೆದು, ಅಷ್ಟಕ್ಕಷ್ಟೇ ಕಟ್ಟಿದ್ದೆ. ಒಳಗೆ ಕಾಲಿಟ್ಟರೆ ಬರೀ ಗೋಡೆ ಕಾಣುತ್ತದೆ! ಅಲ್ಲಿ ನಾವು ನೋಡುವುದು ಅವತಾರದ ಕಣ್ಣಿಂದಲ್ಲ. ಬೆನ್ನ ಹಿಂದೆ, ತಲೆಗಿಂತ ಮೇಲೆ ತೇಲುವ ಕ್ಯಾಮೆರಾದಿಂದ. ಚಿಕ್ಕ ಕೋಣೆಯಲ್ಲಿ ಅದು ಗೋಡೆಯಾಚೆಗೋ ಅಟ್ಟದೊಳಗೋ ಹೋಗಿ ನಿಲ್ಲುತ್ತದೆ. ಜೊತೆಗೆ ಅಲ್ಲಿನ ಅವತಾರಗಳೂ ಎತ್ತರ. ತಲೆ ಬಗ್ಗಿಸಿ ದಾಟುವ ನಮ್ಮ ಬಾಗಿಲು ಅವಕ್ಕೆ ಸಾಲುವುದಿಲ್ಲ. ಈಗ ನಾನು ಎಲ್ಲವನ್ನೂ ಒಂದೂವರೆ ಪಟ್ಟು ಮಾಡುತ್ತೇನೆ. ಜಗಲಿ ಕಟ್ಟೆ ಮಾತ್ರ ಅಷ್ಟೆತ್ತರ ಬೇಡ, ಕೂತವರ ಕಾಲು ನೇತಾಡುತ್ತದೆ.

ಇನ್ನೊಂದು ಸಂಗತಿ ಗಮನಿಸಿ. ಅಲ್ಲಿ ಕಂಬ ತೆಗೆದರೂ ಮಾಡು ಬೀಳುವುದಿಲ್ಲ. 'ಫಿಸಿಕಲ್' ಅಂತ ಗುರುತು ಹಾಕದ ತುಂಡು ಇಟ್ಟಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ಹಾಗಾಗಿ ನಾನು ಮೊದಲು ಮಾಡು, ಆಮೇಲೆ ಗೋಡೆ ಕಟ್ಟುತ್ತೇನೆ.

ಜಾಗ ಇಲ್ಲದವರು 'ಸ್ಯಾಂಡ್‌ಬಾಕ್ಸ್' ಅನ್ನುವ ಸಾರ್ವಜನಿಕ ಬಯಲಲ್ಲಿ ಕಲಿಯಬಹುದು. ಆದರೆ ಅಲ್ಲಿ ಇಟ್ಟದ್ದನ್ನು ಕೆಲವು ಗಂಟೆಯಲ್ಲಿ ತಾನಾಗೇ ತೆಗೆದುಹಾಕುತ್ತಾರೆ. ಬಾಗಿಲ ಬಳಿಯ ಬೋರ್ಡು ಓದದೆ ನನ್ನ ಮೊದಲ ಜಗಲಿಯನ್ನು ಬಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಬಯಲು ಬೋಳು. ಹೊಟ್ಟೆ ಚುರುಕ್ ಅಂದಿತು. ಅದು ಕಳೆದಿರಲಿಲ್ಲ, ನನ್ನ ಸಾಮಾನಿನ 'ಲಾಸ್ಟ್ ಅಂಡ್ ಫೌಂಡ್' ಫೋಲ್ಡರಿನಲ್ಲಿ ಮೂಟೆಯಾಗಿ ಬಿದ್ದಿತ್ತು. ನೀವು ಗಾಬರಿಯಾಗುವ ಮೊದಲು ಅಲ್ಲಿ ನೋಡಿ.

ಊರು ಅಂದ ಮೇಲೆ ಕೊಡು-ಕೊಳ್ಳು ಇದ್ದೇ ಇದೆ. ಪ್ರತಿ ವಸ್ತುವಿಗೂ ಮೂರು ಅನುಮತಿ: ನಕಲು, ತಿದ್ದುವುದು, ದಾಟಿಸುವುದು. ನಕಲಿಗೆ ಅನುಮತಿ ಇಲ್ಲದ ವಸ್ತು ಕತ್ತಿಯಂತೆ. ಕೊಟ್ಟರೆ ನಮ್ಮ ಕೈಯಲ್ಲಿ ಇರುವುದಿಲ್ಲ. ನಕಲಿಗೆ ಅನುಮತಿ ಇದ್ದರೆ ಕಾಳುಮೆಣಸಿನ ಕುಡಿಯಂತೆ. ಕೊಟ್ಟರೂ ಬಳ್ಳಿ ನಮ್ಮಲ್ಲೇ ಇರುತ್ತದೆ. ನೀವು ಮಾಡಿದ್ದನ್ನು ಕೊಡುವ ಮೊದಲು 'ಮುಂದಿನ ಮಾಲೀಕ' ಅನ್ನುವಲ್ಲಿ ಯಾವುದಕ್ಕೆ ಗುರುತಿದೆ ಅಂತ ನೋಡಿಕೊಳ್ಳಿ. ಒಳಗಿರುವ ಸ್ಕ್ರಿಪ್ಟಿಗೆ, ಅಂದರೆ ವಸ್ತು ಏನು ಮಾಡಬೇಕು ಅಂತ ಬರೆದ ಕೋಡಿಗೆ, ಬೇರೆಯೇ ಅನುಮತಿ ಇರುತ್ತದೆ, ಅದನ್ನು ಜಾಸ್ತಿ ಜನ ಮರೆಯುತ್ತಾರೆ.

ಮಾತೂ ಊರಿನ ರೀತಿಯಲ್ಲೇ. ಟೈಪ್ ಮಾಡಿದ್ದು ಸುತ್ತ 20 ಮೀಟರ್ ಒಳಗಿನವರಿಗಷ್ಟೇ ಕಾಣುತ್ತದೆ. ಪಿಸುಮಾತಾದರೆ 10 ಮೀಟರ್, ಕೂಗಿದರೆ 100. ತೋಟದಲ್ಲಿ ಕೂ ಹಾಕಿ ಕರೆದಂತೆ! ಅಲ್ಲಿನ ಗಡಿಯಾರ ಕ್ಯಾಲಿಫೋರ್ನಿಯಾದ್ದು. ಅವರ ಸಂಜೆ 7 ಅಂದರೆ ನಮಗೆ ಮರುದಿನ ಬೆಳಿಗ್ಗೆ 7:30, ಚಳಿಗಾಲದಲ್ಲಿ 8:30. ಅವರ ಸಂಜೆಯ ಸಂಗೀತ ಕಛೇರಿಗೆ ನಾವು ಬೆಳಗಿನ ದೋಸೆ ಹೊತ್ತಿಗೆ ಹಾಜರಾಗಬೇಕು.

ಈ ವಾರ ಮಾಡಿ ನೋಡಲು ಒಂದೇ ಕೆಲಸ: ಬಾಗಿಲು. ಹೊಸ ಸ್ಕ್ರಿಪ್ಟ್ ಹಾಕಿದರೆ ಮೊದಲೇ ಬರೆದಿಟ್ಟ ನಾಲ್ಕಾರು ಸಾಲು "ಹಲೋ, ಅವತಾರ್!" ಅನ್ನುತ್ತವೆ. ಅದರಲ್ಲಿ 'ಮುಟ್ಟಿದಾಗ' ಅನ್ನುವ ಭಾಗಕ್ಕೆ 90 ಡಿಗ್ರಿ ತಿರುಗಿಸುವ ಸಾಲು ಸೇರಿಸಿ. ಬಾಗಿಲು ತಿರುಗುತ್ತದೆ, ಆದರೆ ನಡುಮಧ್ಯದಿಂದ, ಬುಗುರಿಯಂತೆ. ತುಂಡು ಯಾವಾಗಲೂ ತನ್ನ ನಡುವಿನ ಸುತ್ತಲೇ ತಿರುಗುವುದು, ಬಿಜಾಗರಿ ಅಲ್ಲಿ ಇಲ್ಲ. ಉಪಾಯ ಹೀಗೆ: ಒಂದು ಮೀಟರ್ ಬಾಗಿಲು ಬೇಕಿದ್ದರೆ ಎರಡು ಮೀಟರ್ ಅಗಲದ ಹಲಗೆ ಮಾಡಿ. 'ಪಾತ್ ಕಟ್' ಅನ್ನುವಲ್ಲಿ ಶುರು 0.375, ಕೊನೆ 0.875 ಹಾಕಿ. ಅರ್ಧ ಹಲಗೆ ಮಾಯವಾಗುತ್ತದೆ, ನಡು ಮಾತ್ರ ಇದ್ದಲ್ಲೇ ಉಳಿದು ಈಗ ಅಂಚಿಗೆ ಬರುತ್ತದೆ. ಅಗಲದ ಬದಲು ದಪ್ಪ ಅರ್ಧವಾದರೆ 0.125 ಮತ್ತು 0.625 ಹಾಕಿ. ಇನ್ನು ಮುಟ್ಟಿ ನೋಡಿ, ನಮ್ಮನೆ ಬಾಗಿಲಿನಂತೆಯೇ ಗೋಡೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ.